ವಿಡಿಯೊ ಆಟಗಳಲ್ಲಿ ವಸ್ತುವಿನ ಮೇಲ್ಮೈಯ ಕ್ರಮಿಕ ಪರಿವರ್ತನೆ

1. ಪ್ರಸ್ತಾವನೆ

ಹೊಸದಾಗಿ ಮಾಡಿಸಿದ ಕಬ್ಬಿಣದ ಗೇಟು ನಾಲ್ಕಾರು ಮಳೆಗಾಲಗಳನ್ನು ಕಂಡಮೇಲೆ ತುಕ್ಕು ಹಿಡಿಯುತ್ತದೆ. ಆದರೆ ಅದು ಇಡಿಯಾಗಿ ಒಂದೇ ಸಮನೆ ಕೆಂಪಾಗುವುದಿಲ್ಲ. ಸರಳುಗಳನ್ನು ಬೆಸೆದ ಸಂದುಗಳಲ್ಲಿ, ನೀರು ನಿಲ್ಲುವ ಕೆಳಪಟ್ಟಿಯಲ್ಲಿ, ಬಣ್ಣ ಕಿತ್ತುಹೋದ ಗೀರುಗಳಲ್ಲಿ ತುಕ್ಕು ಮೊದಲು ಚುಕ್ಕೆಚುಕ್ಕೆಯಾಗಿ ತೋರುತ್ತದೆ. ಆ ಚುಕ್ಕೆಗಳು ಬೆಳೆದು, ಒಂದನ್ನೊಂದು ಕೂಡಿಕೊಂಡು, ಕಡೆಗೆ ಇಡೀ ಮೇಲ್ಮೈಯನ್ನು ಆವರಿಸುತ್ತವೆ. ನಡುವೆ ಯಾವ ದಿನ ನೋಡಿದರೂ ಗೇಟಿನ ಒಂದೊಂದು ತಾಣವೂ ಬಹುಮಟ್ಟಿಗೆ ಇನ್ನೂ ಕೆಡದ ಲೋಹವಾಗಿರುತ್ತದೆ, ಇಲ್ಲವೇ ತುಕ್ಕಾಗಿರುತ್ತದೆ. ಇವೆರಡರ ಸರಾಸರಿಯಾದ ಮೂರನೆಯ ದ್ರವ್ಯವೊಂದು ಅಲ್ಲಿ ಇರುವುದಿಲ್ಲ.

ಇದೇ ಗೇಟನ್ನು ವಿಡಿಯೊ ಆಟವೊಂದರಲ್ಲಿ ತೋರಿಸಬೇಕೆಂದಿಟ್ಟುಕೊಳ್ಳೋಣ. ಆಟ ನಡೆಯುತ್ತಿರುವಾಗಲೇ, ಆಟಗಾರನ ಕಣ್ಣೆದುರಿನಲ್ಲಿಯೇ, ಅದು ಮೆಲ್ಲಮೆಲ್ಲನೆ ತುಕ್ಕು ಹಿಡಿಯಬೇಕು. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ಕೆಲಸವನ್ನು ಗಣಕಯಂತ್ರದಿಂದ ಸೆಕೆಂಡಿಗೆ 60 ಸಲ ಮಾಡಿಸುವುದು ಹೇಗೆ ಎಂಬುದು ಮೊದಲನೆಯದು. ಹಾಗೆ ಮಾಡಿಸಿದ ಬದಲಾವಣೆ ನಿಜವಾದ ಬದಲಾವಣೆಯನ್ನು ಹೋಲುತ್ತದೆಯೇ ಎಂಬುದು ಎರಡನೆಯದು. ಪಾಠ್ಯಪುಸ್ತಕಗಳು ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುವುದುಂಟು. ಎರಡನೆಯದನ್ನೂ ಅದರ ಜೊತೆಗಿಟ್ಟು ವಿವೇಚಿಸುವುದು ಈ ಲೇಖನದ ಉದ್ದೇಶ.

2. ಹೊದಿಕೆಚಿತ್ರವೆಂದರೇನು?

ಗಣಕಚಿತ್ರದಲ್ಲಿ ವಸ್ತುವಿನ ಆಕಾರವು ಸಣ್ಣ ಸಣ್ಣ ತ್ರಿಕೋನಗಳಿಂದ ಕಟ್ಟಿದ ಒಂದು ಚೌಕಟ್ಟು. ಆ ಆಕಾರದ ಮೇಲೆ ಹೊದಿಸುವ ಚಿತ್ರಕ್ಕೆ ಟೆಕ್ಸ್‌ಚರ್ ಎಂದು ಹೆಸರು. ಇದನ್ನು ಈ ಲೇಖನದಲ್ಲಿ ಹೊದಿಕೆಚಿತ್ರವೆಂದು ಕರೆದಿದೆ. ಹೊದಿಕೆಚಿತ್ರದ ಒಂದೊಂದು ಬಿಂದುವೂ ಒಂದೊಂದು ಟೆಕ್ಸೆಲ್. ಈ ವಿಧಾನವನ್ನು ಎಡ್ವಿನ್ ಕ್ಯಾಟ್ಮಲ್ ಅವರು 1974ರಲ್ಲಿ ಯೂಟಾ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ ನಿರೂಪಿಸಿದರು. 1978ರಲ್ಲಿ ಜೇಮ್ಸ್ ಬ್ಲಿನ್ ಅವರು ಬಣ್ಣವನ್ನಷ್ಟೇ ಅಲ್ಲದೆ ಮೇಲ್ಮೈಯ ಉಬ್ಬುತಗ್ಗುಗಳ ಭ್ರಮೆಯನ್ನೂ ಇದೇ ರೀತಿಯಲ್ಲಿ ಹೊದಿಸಬಹುದೆಂದು ತೋರಿಸಿಕೊಟ್ಟರು. ಇಂದಿನ ಆಟಗಳಲ್ಲಿ ಒಂದು ವಸ್ತುವಿಗೆ ಬಣ್ಣ, ಉಬ್ಬುತಗ್ಗು, ಒರಟುತನ, ಲೋಹಗುಣ ಮೊದಲಾದ ಹಲವು ಹೊದಿಕೆಚಿತ್ರಗಳಿರುವುದು ಸಾಮಾನ್ಯ.

ಇವುಗಳ ಗಾತ್ರವನ್ನು ಗಮನಿಸುವುದು ಅವಶ್ಯ. ಒಂದೊಂದು ಬದಿಗೆ 1024 ಟೆಕ್ಸೆಲ್‌ಗಳಿರುವ ಚಿತ್ರದಲ್ಲಿ ಒಟ್ಟು 10,48,576 ಟೆಕ್ಸೆಲ್‌ಗಳಿರುತ್ತವೆ. ಟೆಕ್ಸೆಲ್ ಒಂದಕ್ಕೆ 4 ಬೈಟ್‌ಗಳಂತೆ ಲೆಕ್ಕ ಹಾಕಿದರೆ ಅದು 4 ಮೆಗಾಬೈಟ್ ಮೆಮೊರಿಯನ್ನು ಹಿಡಿಯುತ್ತದೆ. ಬದಿಯನ್ನು ಇಮ್ಮಡಿ ಮಾಡಿದರೆ ಗಾತ್ರ ನಾಲ್ಕು ಮಡಿಯಾಗಿ 16 ಮೆಗಾಬೈಟ್ ಆಗುತ್ತದೆ.

3. ಹಿಂದಿನವರ ಉಪಾಯಗಳು

ಬದಲಾವಣೆಯನ್ನು ತೋರಿಸುವ ಅತ್ಯಂತ ಸರಳವಾದ ಉಪಾಯವೆಂದರೆ ಹಲವು ಚಿತ್ರಗಳನ್ನು ಮೊದಲೇ ಬರೆದಿಟ್ಟುಕೊಂಡು ಒಂದಾದಮೇಲೊಂದನ್ನು ಹಾಕುವುದು. 1993ರಲ್ಲಿ ಹೊರಬಂದ ಡೂಮ್ ಎಂಬ ಆಟದಲ್ಲಿ ಪರದೆಯ ಕೆಳಗಡೆ ಆಟಗಾರನ ಮುಖವೊಂದು ಕಾಣುತ್ತಿತ್ತು. ಆಯುಷ್ಯ ಕುಂದಿದಂತೆಲ್ಲ ಆ ಮುಖ ಐದು ಮಜಲುಗಳಲ್ಲಿ ರಕ್ತಸಿಕ್ತವಾಗುತ್ತಿತ್ತು. ಐದು ಮಜಲುಗಳು ಸಾಕೆನಿಸಿದಾಗ ಈ ಉಪಾಯದಲ್ಲಿ ದೋಷವೇನೂ ಇಲ್ಲ. ಬದಲಾವಣೆ ನಯವಾಗಿರಬೇಕೆಂದು ಮಜಲುಗಳನ್ನು ನೂರಕ್ಕೆ ಏರಿಸಿದರೆ ಮಾತ್ರ ಮೇಲಿನ ಲೆಕ್ಕದಂತೆ ಗೇಟೊಂದಕ್ಕೇ 400 ಮೆಗಾಬೈಟ್ ಬೇಕಾಗುತ್ತದೆ.

ಇನ್ನೊಂದು ಉಪಾಯ ಇದಕ್ಕಿಂತ ಜಾಣತನದ್ದು. 1987ರಲ್ಲಿ ಬಂದ ವಿ.ಜಿ.ಎ. ಪದ್ಧತಿಯ ಒಂದು ಬಗೆಯಲ್ಲಿ ಪರದೆಯ ಮೇಲೆ ಅಡ್ಡಲಾಗಿ 320, ಉದ್ದಕ್ಕೆ 200, ಒಟ್ಟು 64,000 ಬಿಂದುಗಳಿದ್ದವು. ಒಂದೊಂದು ಬಿಂದುವೂ ಬಣ್ಣವನ್ನು ನೇರವಾಗಿ ಹೇಳದೆ, 256 ಬಣ್ಣಗಳ ಪಟ್ಟಿಯೊಂದರಲ್ಲಿ ಎಷ್ಟನೆಯದೆಂಬ ಸಂಖ್ಯೆಯನ್ನು ಮಾತ್ರ ಹೇಳುತ್ತಿತ್ತು. ಆ ಪಟ್ಟಿಯ 768 ಸಂಖ್ಯೆಗಳನ್ನು ಬದಲಿಸಿದರೆ ಸಾಕು, 64,000 ಬಿಂದುಗಳಲ್ಲಿ ಒಂದನ್ನೂ ಮುಟ್ಟದೆ ಇಡೀ ಚಿತ್ರದ ಬಣ್ಣ ಬದಲಾಗುತ್ತಿತ್ತು. ಡೂಮ್ ಆಟದಲ್ಲಿ ಪೆಟ್ಟು ಬಿದ್ದಾಗ ಪರದೆ ಕೆಂಪೇರುತ್ತಿದ್ದುದು ಹೀಗೆಯೇ. ಚಿತ್ರವನ್ನು ಹಾಗೆಯೇ ಬಿಟ್ಟು ಚಿತ್ರವನ್ನು ಓದುವ ಕ್ರಮವನ್ನು ಬದಲಿಸುವ ಈ ತತ್ತ್ವವೇ ಮುಂದಿನ ವಿಧಾನಗಳಿಗೆಲ್ಲ ಬುನಾದಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

4. ಎರಡು ಚಿತ್ರಗಳ ಮಿಶ್ರಣ

ಈಗ ರೂಢಿಯಲ್ಲಿರುವ ವಿಧಾನವನ್ನು ನೋಡೋಣ. ಶುದ್ಧ ಲೋಹದ ಚಿತ್ರ ಅ, ತುಕ್ಕಿನ ಚಿತ್ರ ಬ ಎಂದಿರಲಿ. ಬದಲಾವಣೆ ಎಷ್ಟರಮಟ್ಟಿಗೆ ನಡೆದಿದೆ ಎಂಬುದನ್ನು 0ಯಿಂದ 1ರ ವರೆಗಿನ ಸಂಖ್ಯೆ ಕ ಸೂಚಿಸಲಿ. ಆಗ ಯಾವುದೇ ಬಿಂದುವಿನ ಬಣ್ಣವು ಈ ಸೂತ್ರದಿಂದ ದೊರೆಯುತ್ತದೆ:

ಫಲ = (1 − ಕ) × ಅ + ಕ × ಬ

ಕ ಸೊನ್ನೆಯಾದಾಗ ಕೇವಲ ಲೋಹ, ಒಂದಾದಾಗ ಕೇವಲ ತುಕ್ಕು, ಅರ್ಧವಾದಾಗ ಎರಡರ ಸರಾಸರಿ. ಎರಡು ಬೆಲೆಗಳ ನಡುವಣ ಬೆಲೆಯನ್ನು ಹೀಗೆ ಕಂಡುಕೊಳ್ಳುವ ಕ್ರಮವನ್ನು ಆಟಗಳನ್ನು ರಚಿಸುವವರು ಲರ್ಪ್ ಎಂದು ಕರೆಯುತ್ತಾರೆ.

ಈ ಲೆಕ್ಕವನ್ನು ಮುಖ್ಯ ಸಂಸ್ಕಾರಕವೇ ಮಾಡಿ ಹೊಸ ಚಿತ್ರವನ್ನು ಪ್ರತಿ ಫ್ರೇಮಿಗೂ ಚಿತ್ರಸಂಸ್ಕಾರಕಕ್ಕೆ ರವಾನಿಸುವುದಾದರೆ, ಸೆಕೆಂಡಿಗೆ ಆರು ಕೋಟಿಗೂ ಮೀರಿದ ಟೆಕ್ಸೆಲ್‌ಗಳನ್ನು ಲೆಕ್ಕ ಹಾಕಿ 240 ಮೆಗಾಬೈಟ್‌ಗಳನ್ನು ಸಾಗಿಸಬೇಕಾಗುತ್ತದೆ. ಅದೂ ಒಂದು ಗೇಟಿಗಾಗಿ. ಆದಕಾರಣ ಈ ಲೆಕ್ಕವನ್ನು ಚಿತ್ರಸಂಸ್ಕಾರಕದಲ್ಲಿ ನಡೆಯುವ ಶೇಡರ್ ಎಂಬ ಚಿಕ್ಕ ಕ್ರಮವಿಧಿಗೆ ಒಪ್ಪಿಸುತ್ತಾರೆ. 2001ರಲ್ಲಿ ಎನ್ವಿಡಿಯಾ ಸಂಸ್ಥೆಯ ಜೀಫೋರ್ಸ್ 3 ಬಂದಂದಿನಿಂದ ಸಾಮಾನ್ಯ ಗಣಕಗಳಲ್ಲಿಯೂ ಇಂಥ ಕ್ರಮವಿಧಿಗಳನ್ನು ಬರೆಯುವುದು ಸಾಧ್ಯವಾಯಿತು. ಎರಡೂ ಚಿತ್ರಗಳು ಚಿತ್ರಸಂಸ್ಕಾರಕದ ಮೆಮೊರಿಯಲ್ಲಿಯೇ ಇರುತ್ತವೆ. ಪ್ರತಿ ಫ್ರೇಮಿನಲ್ಲಿ ಅಲ್ಲಿಗೆ ಹೋಗಬೇಕಾದುದು ಕ ಎಂಬ ಒಂದೇ ಒಂದು ಸಂಖ್ಯೆ. ಹಿಂದಿನ ವರ್ಣಪಟ್ಟಿಯ ತತ್ತ್ವವೇ ಇಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

ವಿಧಾನ ಸರಳವಾಗಿದ್ದರೂ ನಾಲ್ಕು ಎಡೆಗಳಲ್ಲಿ ವಿದ್ಯಾರ್ಥಿಗಳು ಎಡವುವುದುಂಟು.

ಮೊದಲನೆಯದು ಕಾಲದ ವಿಷಯ. ಪ್ರತಿ ಫ್ರೇಮಿಗೂ ಕ ಸಂಖ್ಯೆಗೆ 0.001ನ್ನು ಕೂಡಿಸುತ್ತ ಹೋದರೆ, ಸೆಕೆಂಡಿಗೆ 60 ಫ್ರೇಮುಗಳನ್ನು ತೋರಿಸುವ ಯಂತ್ರದಲ್ಲಿ ಸುಮಾರು 17 ಸೆಕೆಂಡುಗಳಲ್ಲಿ ಗೇಟು ಪೂರ್ತಿ ತುಕ್ಕು ಹಿಡಿಯುತ್ತದೆ. 30 ಫ್ರೇಮುಗಳ ಯಂತ್ರದಲ್ಲಿ 33 ಸೆಕೆಂಡುಗಳು ಹಿಡಿಯುತ್ತವೆ. ಯಂತ್ರ ಬಡವಾದರೆ ತುಕ್ಕು ನಿಧಾನವಾಗಬೇಕೆಂಬ ನಿಯಮ ಲೋಕದಲ್ಲಿಲ್ಲ. ಹಿಂದಿನ ಫ್ರೇಮಿನಿಂದ ಈಚೆಗೆ ಕಳೆದ ಕಾಲವನ್ನು ಒಟ್ಟು ಅವಧಿಯಿಂದ ಭಾಗಿಸಿ ಬಂದುದನ್ನು ಕೂಡಿಸುವುದೇ ಸರಿಯಾದ ಕ್ರಮ.

ಎರಡನೆಯದು ಬೆಳಕಿನ ವಿಷಯ. ಚಿತ್ರಗಳಲ್ಲಿ ಶೇಖರಿಸಿದ ಸಂಖ್ಯೆಗಳು ಬೆಳಕಿನ ಪ್ರಮಾಣಕ್ಕೆ ಅನುಗುಣವಾಗಿರುವುದಿಲ್ಲ. ಎಸ್.ಆರ್.ಜಿ.ಬಿ. ಎಂಬ ಸರ್ವಮಾನ್ಯ ಪದ್ಧತಿಯಲ್ಲಿ 0 ಕಪ್ಪು, 255 ಬಿಳುಪು. ಆದರೆ 128 ಎಂಬ ಸಂಖ್ಯೆ ಬಿಳುಪಿನ ನೂರಕ್ಕೆ ಸುಮಾರು 22ರಷ್ಟು ಬೆಳಕನ್ನು ಮಾತ್ರ ಸೂಚಿಸುತ್ತದೆ. ಅರ್ಧ ಬೆಳಕಿಗೆ ಸಲ್ಲುವ ಸಂಖ್ಯೆ 188. ಸಂಖ್ಯೆಗಳನ್ನು ಹಾಗೆಯೇ ಬೆರೆಸಿದರೆ ನಡುವಣ ಬಣ್ಣಗಳು ಇರಬೇಕಾದುದಕ್ಕಿಂತ ಕಪ್ಪಿಡುತ್ತವೆ. ಮೊದಲು ಸಂಖ್ಯೆಯನ್ನು ಬೆಳಕಿನ ಅಳತೆಗೆ ತಿರುಗಿಸಿ, ಬೆರೆಸಿ, ಆಮೇಲೆ ಮತ್ತೆ ಸಂಖ್ಯೆಯಾಗಿಸಬೇಕು.

ಮೂರನೆಯದು ದಿಕ್ಕಿನ ವಿಷಯ. ಉಬ್ಬುತಗ್ಗಿನ ಚಿತ್ರದಲ್ಲಿ ಒಂದೊಂದು ಟೆಕ್ಸೆಲ್ಲೂ ಏಕಮಾನ ಉದ್ದವುಳ್ಳ ಒಂದು ಸದಿಶ. ಪರಸ್ಪರ ಲಂಬವಾದ ಎರಡು ಸದಿಶಗಳ ಸರಾಸರಿಯ ಉದ್ದ 1 ಆಗದೆ 0.707 ಆಗುತ್ತದೆ. ಬೆರೆಸಿದ ಬಳಿಕ ಉದ್ದವನ್ನು ಮತ್ತೆ 1ಕ್ಕೆ ತರದಿದ್ದರೆ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ.

ನಾಲ್ಕನೆಯದು ಹಂಚಿಕೆಯ ವಿಷಯ. ಮೆಮೊರಿಯ ಉಳಿತಾಯಕ್ಕಾಗಿ ನೂರು ಗೇಟುಗಳು ಒಂದೇ ದ್ರವ್ಯವಿವರಣೆಯನ್ನು ಹಂಚಿಕೊಂಡಿರುತ್ತವೆ. ಅಲ್ಲಿ ಕ ಸಂಖ್ಯೆಯನ್ನು ಬದಲಿಸಿದರೆ ನೂರು ಗೇಟುಗಳೂ ಒಟ್ಟಿಗೆ ತುಕ್ಕು ಹಿಡಿಯುತ್ತವೆ. ಯೂನಿಟಿ, ಅನ್‌ರಿಯಲ್ ಮೊದಲಾದ ಆಟದ ಎಂಜಿನ್‌ಗಳಲ್ಲಿ ಒಂದೊಂದು ವಸ್ತುವಿಗೂ ತನ್ನದೇ ಆದ ಬೆಲೆಯನ್ನು ಕೊಡುವ ಏರ್ಪಾಡು ಇದೆ. ಅದನ್ನು ಬಳಸಬೇಕು.

5. ಮಿಶ್ರಣದ ಮೂಲದೋಷ

ಈ ನಾಲ್ಕನ್ನೂ ಸರಿಪಡಿಸಿಕೊಂಡರೂ ಮಿಶ್ರಣದಲ್ಲಿ ಒಂದು ದೋಷ ಉಳಿದೇ ಉಳಿಯುತ್ತದೆ. ಕ ಅರ್ಧವಾದಾಗ ತೋರುವ ಗೇಟು ಅರ್ಧ ತುಕ್ಕು ಹಿಡಿದ ಗೇಟಲ್ಲ. ತುಕ್ಕಿನ ಗೇಟಿನ ಹಿಂದೆ ಹೊಸ ಗೇಟೊಂದು ಮಸುಕಾಗಿ ಕಾಣುತ್ತಿರುವ ಚಿತ್ರ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ದಾರಿಯನ್ನು ಅದು ತೋರಿಸುವುದಿಲ್ಲ. ಎರಡು ಚಿತ್ರಗಳ ಸರಾಸರಿಯನ್ನು ಮಾತ್ರ ತೋರಿಸುತ್ತದೆ.

ಲೋಹಗುಣದ ಚಿತ್ರವನ್ನು ಪರಿಶೀಲಿಸಿದರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. 2012ರಲ್ಲಿ ಡಿಸ್ನಿ ಸಂಸ್ಥೆಯ ಬ್ರೆಂಟ್ ಬರ್ಲಿ ಅವರು ವಿವರಿಸಿದ ದ್ರವ್ಯಮಾದರಿಯು ಆಟಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ಅದರಲ್ಲಿ ಲೋಹಕ್ಕೆ 1, ಲೋಹವಲ್ಲದ್ದಕ್ಕೆ 0 ಎಂಬ ಬೆಲೆಗಳಿವೆ. ಲೋಹವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಪ್ರತಿಫಲಿಸುತ್ತದೆ. ಲೋಹವಲ್ಲದ ಸಾಮಾನ್ಯ ದ್ರವ್ಯವು ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4ರಷ್ಟನ್ನು ಮಾತ್ರ ಹಾಗೆ ಪ್ರತಿಫಲಿಸಿ, ಉಳಿದುದನ್ನು ಒಳಗೆ ಚೆದರಿಸುತ್ತದೆ ಅಥವಾ ಹೀರಿಕೊಳ್ಳುತ್ತದೆ. ಲೋಹಗುಣ 0.5 ಇರುವ ದ್ರವ್ಯವನ್ನು ನಾವು ಕೈಯಲ್ಲಿ ಹಿಡಿದು ನೋಡಲಾರೆವು. ಮಿಶ್ರಣವಾದರೋ ಗೇಟಿನ ಬಾಳಿನ ಹೆಚ್ಚಿನ ಭಾಗದಲ್ಲಿ ಅದನ್ನು ಇಂಥ ಇಲ್ಲದ ದ್ರವ್ಯದಿಂದಲೇ ಮಾಡಿಟ್ಟಿರುತ್ತದೆ.

6. ಸರದಿಪಟದ ವಿಧಾನ

ಹಾಗಾದರೆ ಮಾಡಬೇಕಾದುದೇನು? ಒಂದೊಂದು ಟೆಕ್ಸೆಲ್ಲೂ ತನ್ನ ಸರದಿ ಬಂದಾಗ ಮಾತ್ರ ಬದಲಾಗಬೇಕು. ಇದಕ್ಕಾಗಿ ಮೂರನೆಯದೊಂದು ಚಿತ್ರವನ್ನು ಸಿದ್ಧಪಡಿಸುತ್ತಾರೆ. ಅದರಲ್ಲಿ ಬಣ್ಣವಿಲ್ಲ, ಆ ತಾಣವು ಎಷ್ಟು ಬೇಗ ಅಥವಾ ತಡವಾಗಿ ಬದಲಾಗಬೇಕೆಂಬುದನ್ನು ಸೂಚಿಸುವ, 0ಯಿಂದ 1ರ ವರೆಗಿನ ಒಂದು ಸಂಖ್ಯೆ ಮಾತ್ರ ಇರುತ್ತದೆ. ಇದನ್ನು ಸರದಿಪಟವೆನ್ನೋಣ. ಟೆಕ್ಸೆಲ್ಲಿನ ಸರದಿ ಸ, ಬದಲಾವಣೆಯ ಅಂಚಿನ ಅಗಲ ಗ ಎಂದಿದ್ದರೆ, ತುಕ್ಕಿನ ತೂಕ ಹೀಗೆ:

ತೂಕ = (ಕ − ಸ) ÷ ಗ

ಈ ಬೆಲೆ 0ಗಿಂತ ಕಡಿಮೆಯಾದರೆ 0 ಎಂದೂ 1ಕ್ಕಿಂತ ಹೆಚ್ಚಾದರೆ 1 ಎಂದೂ ಭಾವಿಸಬೇಕು. ಸ 0.30, ಗ 0.10 ಇರುವ ಟೆಕ್ಸೆಲ್ಲೊಂದನ್ನು ತೆಗೆದುಕೊಳ್ಳೋಣ. ಕ 0.25 ಆಗಿರುವಾಗ ಅದು ಶುದ್ಧ ಲೋಹ, 0.35ಕ್ಕೆ ಬಂದಾಗ ಅದರ ತೂಕ ಅರ್ಧ, 0.40ನ್ನು ಮುಟ್ಟಿದಾಗ ಪೂರ್ಣ ತುಕ್ಕು. ಕಡೆಯ ಸರದಿಯ ಟೆಕ್ಸೆಲ್ಲೂ ಬದಲಾಗಬೇಕಾದ್ದರಿಂದ ಕ ಸಂಖ್ಯೆಯು 1ರಲ್ಲಿ ನಿಲ್ಲದೆ 1 + ಗ ವರೆಗೆ ಸಾಗಬೇಕೆಂಬುದನ್ನು ಮರೆಯಬಾರದು. ಮರೆತರೆ ಗೇಟಿನ ಮೇಲೆ ಎಂದೆಂದಿಗೂ ತುಕ್ಕು ಹಿಡಿಯದ ಕಲೆಗಳು ಉಳಿಯುತ್ತವೆ.

ಸರದಿಪಟವನ್ನು ರಚಿಸುವಾಗ ಕಲಾವಿದನ ಲೋಕಾನುಭವಕ್ಕೆ ಕೆಲಸ ಬೀಳುತ್ತದೆ. ಬೆಸುಗೆಯ ಸಂದುಗಳಿಗೆ, ಕೆಳಪಟ್ಟಿಗೆ, ಗೀರುಗಳಿಗೆ ಚಿಕ್ಕ ಸಂಖ್ಯೆ. ಸೂರಿನ ಮರೆಯಲ್ಲಿರುವ ಭಾಗಕ್ಕೆ ದೊಡ್ಡ ಸಂಖ್ಯೆ. ಇದಕ್ಕೆ ಸಹಜವಾದ ಅಡ್ಡಾದಿಡ್ಡಿತನವನ್ನು ತರಲು, ಕೆನ್ ಪರ್ಲಿನ್ ಅವರು 1985ರಲ್ಲಿ ಪ್ರಕಟಿಸಿದ ನಾಯ್ಸ್ ಎಂಬ ಗಣಿತೋತ್ಪನ್ನವನ್ನು ಬೆರೆಸುವುದು ವಾಡಿಕೆ. ಅವರಿಗೆ 1997ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯು ಈ ಸಾಧನೆಗಾಗಿ ತಾಂತ್ರಿಕ ಪುರಸ್ಕಾರವನ್ನಿತ್ತಿತು.

ಆದರೆ ನಾಯ್ಸ್‌ನ ಬೆಲೆಗಳು 0ಯಿಂದ 1ರ ವರೆಗೆ ಸಮನಾಗಿ ಹರಡಿರುವುದಿಲ್ಲ. ಅವು ನಡುವಿನ ಬೆಲೆಯ ಸುತ್ತ ಕಿಕ್ಕಿರಿದಿರುತ್ತವೆ. ಅದನ್ನು ಹಾಗೆಯೇ ಬಳಸಿದರೆ ತುಕ್ಕು ಬಹುಕಾಲ ಕಾಣಿಸಿಕೊಳ್ಳದೆ ಇದ್ದು, ನಡುವೆ ಒಮ್ಮೆಲೇ ಹರಡಿ, ಕಡೆಯಲ್ಲಿ ಮತ್ತೆ ಕುಂಟುತ್ತದೆ. ತುಕ್ಕಿನ ವಿಸ್ತೀರ್ಣ ಕಾಲಕ್ಕೆ ಅನುಗುಣವಾಗಿ ಬೆಳೆಯಬೇಕಾದರೆ ಟೆಕ್ಸೆಲ್‌ಗಳನ್ನೆಲ್ಲ ಬೆಲೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಅದರ ಬೆಲೆಗೆ ಬದಲಾಗಿ ಸಾಲಿನಲ್ಲಿ ಅದು ನಿಂತ ಸ್ಥಾನವನ್ನು ಕೊಡಬೇಕು. ಆಗ ಕ 0.25 ಆದಾಗ ನೂರಕ್ಕೆ ಸುಮಾರು 25 ಭಾಗದ ಮೇಲ್ಮೈಗೆ ತುಕ್ಕು ತಗಲಿರುತ್ತದೆ.

ಸರದಿಪಟವನ್ನು ಎಂಟು ಬಿಟ್‌ಗಳಲ್ಲಿ ಶೇಖರಿಸಿದರೆ ಅದರಲ್ಲಿ 256 ಮೆಟ್ಟಿಲುಗಳು ಮಾತ್ರ ಇರುತ್ತವೆ. ಹತ್ತು ನಿಮಿಷಗಳ ಬದಲಾವಣೆಯಲ್ಲಿ ಒಂದು ಮೆಟ್ಟಿಲಿಗೆ ಎರಡು ಸೆಕೆಂಡಿಗೂ ಹೆಚ್ಚು ಕಾಲ ಬೀಳುತ್ತದೆ. ಅಂಚು ಕಿರಿದಾಗಿದ್ದರೆ ತುಕ್ಕು ಜಿಗಿಜಿಗಿದು ಹರಡಿದಂತೆ ಕಾಣಬಹುದು. ನಿಧಾನವಾದ ಬದಲಾವಣೆಗೆ ಹದಿನಾರು ಬಿಟ್‌ಗಳ 65,536 ಮೆಟ್ಟಿಲುಗಳು ಲೇಸು.

7. ದೂರದಿಂದ ನೋಡಿದಾಗ

ಸರದಿಪಟದ ವಿಧಾನಕ್ಕೂ ತನ್ನದೇ ಆದ ಒಂದು ತೊಡಕಿದೆ. ದೂರದ ವಸ್ತುಗಳಿಗಾಗಿ ಪ್ರತಿಯೊಂದು ಹೊದಿಕೆಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ. 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಅವರು ಪ್ರತಿಪಾದಿಸಿದ ಈ ಕ್ರಮಕ್ಕೆ ಮಿಪ್‌ಮ್ಯಾಪ್ ಎಂದು ಹೆಸರು. ಇದಕ್ಕೆ ತಗಲುವ ಹೆಚ್ಚಿನ ಮೆಮೊರಿ ಮೂಲದ ಮೂರರಲ್ಲೊಂದು ಪಾಲು. ಚಿಕ್ಕ ಪ್ರತಿಯ ಒಂದೊಂದು ಟೆಕ್ಸೆಲ್ಲೂ ದೊಡ್ಡದರ ನಾಲ್ಕು ಟೆಕ್ಸೆಲ್‌ಗಳ ಸರಾಸರಿ. ಅತ್ಯಂತ ಚಿಕ್ಕ ಪ್ರತಿಯಲ್ಲಿ ಸರದಿಗಳೆಲ್ಲ ಸೇರಿ 0.5 ಎಂಬ ಒಂದೇ ಸಂಖ್ಯೆಯಾಗುತ್ತವೆ.

ಇದರ ಪರಿಣಾಮವನ್ನು ನೋಡಿ. ಹತ್ತಿರದಿಂದ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುವ ಗೇಟು, ಬಹುದೂರದಿಂದ ನೋಡಿದಾಗ, ಕ 0.5 ಆಗುವವರೆಗೂ ಹೊಚ್ಚಹೊಸದಾಗಿ ಕಾಣುತ್ತಿದ್ದು, 0.6 ಆಗುವಷ್ಟರಲ್ಲಿ ಇಡಿಯಾಗಿ ತುಕ್ಕಾಗಿಬಿಡುತ್ತದೆ. ಸರದಿಗಳ ಸರಾಸರಿಯನ್ನು ತೆಗೆದು ತೂಕವನ್ನು ಕಾಣುವುದೂ, ತೂಕಗಳನ್ನು ಕಂಡು ಅವುಗಳ ಸರಾಸರಿಯನ್ನು ತೆಗೆಯುವುದೂ ಒಂದೇ ಅಲ್ಲದಿರುವುದೇ ಇದಕ್ಕೆ ಕಾರಣ. ದೂರ ಹೆಚ್ಚಿದಂತೆ ಅಂಚನ್ನು ಸರದಿಯ ಎರಡೂ ಕಡೆಗೆ ಅಗಲಿಸುತ್ತ ಹೋಗುವುದು ಇದಕ್ಕೆ ಪರಿಹಾರ. ಅಂಚಿನ ಅಗಲವು 1ನ್ನು ಮುಟ್ಟಿದಾಗ, ಸರದಿ 0.5 ಇರುವೆಡೆಯಲ್ಲಿ ತೂಕವು ಕ ಸಂಖ್ಯೆಗೇ ಸಮನಾಗುತ್ತದೆ.

ಹೀಗಾದಾಗ ನಮಗೆ ದೊರೆತುದೇನು? ನಾವು ಐದನೆಯ ಭಾಗದಲ್ಲಿ ತಳ್ಳಿಹಾಕಿದ ಮಿಶ್ರಣಸೂತ್ರವೇ! ಹತ್ತಿರದಲ್ಲಿ ಸುಳ್ಳಾದ ಸರಾಸರಿಯು ದೂರದಲ್ಲಿ ನಿಜವಾಗಿದೆ. ಇದು ಯುಕ್ತವೂ ಹೌದು. ದೂರದಿಂದ ನೋಡುವ ಕಣ್ಣು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಲಾರದೆ ಅವುಗಳಿಂದ ಬಂದ ಬೆಳಕನ್ನು ತಾನೇ ಬೆರೆಸಿಕೊಳ್ಳುತ್ತದೆ. ಆದ್ದರಿಂದ ಎರಡು ವಿಧಾನಗಳು ಪರಸ್ಪರ ವಿರುದ್ಧವಲ್ಲ. ಒಂದೇ ವಿಧಾನದ ಎರಡು ಕೊನೆಗಳು.

8. ಆಟಗಾರನ ಕೈ ತಗಲಿದಾಗ

ಇದುವರೆಗೆ ಹೇಳಿದ ಬದಲಾವಣೆಗಳೆಲ್ಲ ಕಾಲವೊಂದನ್ನೇ ಅವಲಂಬಿಸಿದವು. ಇಂಥ ಸಾವಿರ ವಸ್ತುಗಳ ಸ್ಥಿತಿಯನ್ನು ನೆನಪಿಡಲು, ಸಂಖ್ಯೆಯೊಂದಕ್ಕೆ 4 ಬೈಟ್‌ಗಳಂತೆ, 4,000 ಬೈಟ್‌ಗಳು ಸಾಕು. ಆಟಗಾರನು ಹಿಮದಲ್ಲಿ ನಡೆದು ಹೆಜ್ಜೆ ಮೂಡಿಸಿದರೆ, ಗೋಡೆಯ ಧೂಳನ್ನು ಒಂದೆಡೆ ಒರೆಸಿದರೆ, ಆ ಚರಿತ್ರೆಯನ್ನು ಒಂದು ಸಂಖ್ಯೆಯಿಂದ ಹೇಳಲಾಗದು. ಅಲ್ಲಿ ಒಂದೊಂದು ವಸ್ತುವಿಗೂ ಬರೆಯಬಹುದಾದ ಒಂದು ಪಟವಿರಬೇಕು. ಹೆಜ್ಜೆ ಬಿದ್ದಾಗಲೆಲ್ಲ ಚಿತ್ರಸಂಸ್ಕಾರಕವು ಅದರ ಮೇಲೆ ಗುರುತು ಹಾಕಬೇಕು. ಬದಿಗೆ 256 ಟೆಕ್ಸೆಲ್‌ಗಳ, ಟೆಕ್ಸೆಲ್ಲಿಗೆ ಒಂದೇ ಬೈಟಿನ ಪಟವಾದರೂ 65,536 ಬೈಟ್‌ಗಳನ್ನು ಹಿಡಿಯುತ್ತದೆ; ಸಾವಿರ ವಸ್ತುಗಳಿಗೆ ಆರೂವರೆ ಕೋಟಿ ಬೈಟ್‌ಗಳಾಗುತ್ತವೆ. ಯಾವ ವಸ್ತು ಆಟಗಾರನ ಕೈಗುರುತನ್ನು ನೆನಪಿಡಬೇಕು, ಯಾವುದು ಮರೆಯಬಹುದು ಎಂಬುದನ್ನು ರಚನೆಯ ಆರಂಭದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ.

9. ನೋಡುವ ಕಣ್ಣಿನ ಮಿತಿ

ಕಡೆಯದಾಗಿ, ನೋಡುವವನ ವಿಷಯ. ಬದಲಾವಣೆ ಎಷ್ಟು ನಯವಾಗಿದ್ದರೆ ಅಷ್ಟು ಒಳ್ಳೆಯದೆಂದು ರಚಿಸುವವರು ಭಾವಿಸುವುದು ಸಹಜ. ಡೇನಿಯಲ್ ಸೈಮನ್ಸ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಎಚ್ಚರಿಕೆಯಂತಿವೆ. ಒಂದು ದೃಶ್ಯದ ಭಾಗವೊಂದು ಕಣ್ಣೆದುರಿಗೇ ಮೆಲ್ಲಮೆಲ್ಲನೆ ಬದಲಾಗುತ್ತಿದ್ದರೂ ನೋಡುಗರು ಅದನ್ನು ಎಷ್ಟೋ ಸಲ ಗುರುತಿಸದೆ ಹೋದರೆಂದು ಅವು ತೋರಿಸಿದವು. ಸೇತುವೆಯ ತುಕ್ಕು ಅಪಾಯದ ಸೂಚನೆಯಾಗಿರುವ ಆಟದಲ್ಲಿ, ತುಕ್ಕು ತೀರ ನಯವಾಗಿ ಹರಡಿದರೆ, ಸೇತುವೆ ಕುಸಿದಾಗ ಆಟಗಾರನು ತನಗೆ ಅನ್ಯಾಯವಾಯಿತೆಂದೇ ತಿಳಿಯುತ್ತಾನೆ. ಅಂಥಲ್ಲಿ ನಡುನಡುವೆ ಸದ್ದು, ಉದುರುವ ಹಕ್ಕಳೆ ಮೊದಲಾದ ಸ್ಪಷ್ಟ ಸೂಚನೆಗಳು ಬೇಕು. ಡೂಮ್ ಆಟದ ಐದು ಮಜಲುಗಳ ಮುಖ ಈ ದೃಷ್ಟಿಯಿಂದ ಒರಟಾದರೂ ಪ್ರಾಮಾಣಿಕವಾಗಿತ್ತು.

ಬಣ್ಣವೊಂದನ್ನೇ ನೆಚ್ಚುವುದೂ ತಪ್ಪು. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದು. ಇತರ ಜನಾಂಗಗಳಲ್ಲಿಯೂ ಇಂಥವರಿದ್ದಾರೆ. ಬಣ್ಣದ ಜೊತೆಗೆ ಒರಟುತನವೂ ಉಬ್ಬುತಗ್ಗೂ ಬದಲಾದರೆ ಅವರಿಗೂ ಸಂಗತಿ ತಿಳಿಯುತ್ತದೆ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಪಡುವ ಸಂಗತಿಗಳು ಇಷ್ಟು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರ ಒಂದು ಸಾಲಿನದು. ಕಾಲ, ಬೆಳಕು, ದಿಕ್ಕು, ಹಂಚಿಕೆ ಇವುಗಳ ವಿಷಯದಲ್ಲಿ ಎಚ್ಚರವಿದ್ದರೆ ಅದು ಯಾವ ಯಂತ್ರದಲ್ಲಿಯೂ ಸರಿಯಾಗಿ ನಡೆಯುತ್ತದೆ. ದೂರದ ನೋಟಕ್ಕೂ, ಒದ್ದೆಯಾದ ಬಟ್ಟೆ ಬಿಸಿಲಿನಲ್ಲಿ ಒಣಗುವಂತಹ, ಮೇಲ್ಮೈಯೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬದಲಾಗುವ ಸಂದರ್ಭಗಳಿಗೂ ಅಷ್ಟು ಸಾಕು. ತುಕ್ಕು, ಪಾಚಿ, ಬೆಂಕಿ, ಹಿಮ ಇವು ಒಂದೆಡೆಯಲ್ಲಿ ಹುಟ್ಟಿ ಇನ್ನೊಂದೆಡೆಗೆ ಹಬ್ಬುವಂಥವು. ಇವಕ್ಕೆ ಸರದಿಪಟ ಬೇಕು. ಆಟಗಾರನೇ ಬದಲಾವಣೆಗೆ ಕಾರಣನಾದಾಗ ಬರೆಯಬಹುದಾದ ಪಟ ಬೇಕು.

ಯಾವ ವಿಧಾನವನ್ನು ಆರಿಸಬೇಕೆಂಬುದನ್ನು ಗಣಕಶಾಸ್ತ್ರವೊಂದೇ ಹೇಳಲಾರದು. ಅದಕ್ಕೆ ವಸ್ತುವು ಲೋಕದಲ್ಲಿ ಹೇಗೆ ಬದಲಾಗುತ್ತದೆ ಎಂಬ ತಿಳಿವಳಿಕೆ ಬೇಕು. ಈ ವಿಷಯವನ್ನು ಕಲಿಸುವ ಅಧ್ಯಾಪಕರು ಮೊದಲ ದಿನ ವಿದ್ಯಾರ್ಥಿಗಳನ್ನು ಗಣಕದ ಮುಂದೆ ಕೂರಿಸುವುದಕ್ಕೆ ಬದಲು ಕಾಲೇಜಿನ ಹಳೆಯ ಗೇಟಿನ ಮುಂದೆ ನಿಲ್ಲಿಸಿ, ತುಕ್ಕು ಎಲ್ಲಿ ಮೊದಲು ಹುಟ್ಟಿತು, ಯಾವ ಕಡೆಗೆ ಹಬ್ಬಿತು, ಎಲ್ಲಿ ಇನ್ನೂ ಮುಟ್ಟಿಲ್ಲ ಎಂಬುದನ್ನು ಕಾಗದದ ಮೇಲೆ ಗುರುತಿಸಲು ಹೇಳಬಹುದು. ಆ ಕಾಗದವೇ ಅವರು ರಚಿಸುವ ಮೊದಲ ಸರದಿಪಟವಾಗುತ್ತದೆ.